ಹಾಜರಿ ಪುಸ್ತಕದಲ್ಲಿ ಇಲ್ಲದ್ದು

(ಪಶ್ಚಿಮ ಸಿಡ್ನಿಯಲ್ಲಿ ಕನ್ನಡಿಗ ಶಿಕ್ಷಕ, ಶಿಕ್ಷಕಿಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾವೀಗ ಕೂತಿರುವುದು ಈ ಭಾಗದ ಮೂಲನಿವಾಸಿಗಳಾದ ದಾರುಗ್ ಜನರ ನೆಲದ ಮೇಲೆ. ಇಲ್ಲಿ ಯಾವ ಸಭೆಗೆ ಹೋದರೂ ಮೊದಲು ಈ ಮಾತು ಹೇಳುತ್ತೇವೆ, ಆಮೇಲೆ ಕಾರ್ಯಕ್ರಮಕ್ಕೆ ಹೋಗುತ್ತೇವೆ. ಇವತ್ತು ನಾನು ಈ ಮಾತಿನ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಿಮ್ಮಲ್ಲಿ ಎಷ್ಟೋ ಮಂದಿ ಬ್ಲ್ಯಾಕ್‌ಟೌನ್ ಆಸುಪಾಸಿನಲ್ಲಿ ಮನೆ ಮಾಡಿದ್ದೀರಿ. ಆ ಊರಿನ ಹೆಸರಿನ ಹಿಂದೆ ಒಂದು ಶಾಲೆಯ ಕಥೆಯಿದೆ. ಗವರ್ನರ್ ಮ್ಯಾಕ್ವಾರಿ ಅಬೊರಿಜಿನಲ್, ಅಂದರೆ ಇಲ್ಲಿನ ಮೂಲನಿವಾಸಿ ಮಕ್ಕಳಿಗೆಂದು ಪ್ಯಾರಮಟ್ಟಾದಲ್ಲಿ ಒಂದು ವಸತಿಶಾಲೆ ತೆರೆಸಿದ್ದ. 1823ರಲ್ಲಿ ಅದನ್ನು ಬ್ಲ್ಯಾಕ್‌ಟೌನ್‌ಗೆ ಸಾಗಿಸಿದರು. ಮಕ್ಕಳನ್ನು ಹೆತ್ತವರಿಂದ ದೂರವಿಟ್ಟು ಇಂಗ್ಲಿಷರ ರೀತಿನೀತಿ ಕಲಿಸುವುದು ಅದರ ಉದ್ದೇಶ. 1819ರ ಏಪ್ರಿಲ್‌ನಲ್ಲಿ ಒಂದು ಸಾರ್ವಜನಿಕ ಪರೀಕ್ಷೆ ನಡೆಯಿತು. ಕೂತವರಲ್ಲಿ ಸುಮಾರು ನೂರು ಬಿಳಿಯ ಮಕ್ಕಳು, ಇಪ್ಪತ್ತು ಅಬೊರಿಜಿನಲ್ ಮಕ್ಕಳು. ಮೊದಲ ಬಹುಮಾನ ಹದಿನಾಲ್ಕು ವರ್ಷದ ಒಬ್ಬ ಅಬೊರಿಜಿನಲ್ ಹುಡುಗಿಗೆ ಬಂತು. ಅವಳು ದಾರುಗ್ ಜನರ ಮರಿಯಾ ಇರಬೇಕೆಂದು ಇತಿಹಾಸಕಾರರು ಹೇಳುತ್ತಾರೆ.

ಇದಾಗಿ ಇನ್ನೂರು ವರ್ಷ ದಾಟಿದೆ. ಈಗಲೂ ಸ್ಟಾಫ್‌ರೂಮಿನಲ್ಲಿ ಟೀ ಕುಡಿಯುತ್ತಾ ಯಾರೋ ಒಬ್ಬರು ದನಿ ತಗ್ಗಿಸಿ, 'ಈ ಮಕ್ಕಳಿಗೆ ಎಷ್ಟು ಹೇಳಿದರೂ ಅಷ್ಟೇ' ಎನ್ನುವುದನ್ನು ಕೇಳಿದ್ದೇನೆ. ನೀವೂ ಕೇಳಿರುತ್ತೀರಿ.

ನನ್ನ ಕಥೆ ಚಿಕ್ಕದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕೆಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದೆ. ಮದುವೆಯಾಗಿ ಇಲ್ಲಿಗೆ ಬಂದೆ, ಮತ್ತೆ ಓದಿ ಶಿಕ್ಷಕಿಯಾಗಿ ನೋಂದಣಿ ಮಾಡಿಸಿಕೊಂಡೆ. ಮೊದಲ ಕೆಲಸ ಸಿಕ್ಕಿದ್ದು ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದಲ್ಲಿ, ಒಣಗಿದ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ತರಗತಿಯ 22 ಮಕ್ಕಳಲ್ಲಿ 15 ಮಂದಿ ಅಬೊರಿಜಿನಲ್. ಮೊದಲ ವಾರವೇ ಒಬ್ಬ ಹುಡುಗ ನನ್ನನ್ನು ಸೋಲಿಸಿದ. ಎಂಟು ವರ್ಷದವನು. ಏನು ಕೇಳಿದರೂ ಕಣ್ಣು ತಗ್ಗಿಸಿ ಮೇಜು ನೋಡುತ್ತಿದ್ದ. ಮತ್ತೊಮ್ಮೆ ಸ್ವಲ್ಪ ಜೋರಾಗಿ ಕೇಳುತ್ತಿದ್ದೆ. ಆಗಲೂ ಉತ್ತರವಿಲ್ಲ. ಪಕ್ಕದ ಮಗುವಿನತ್ತ ತಿರುಗುತ್ತಿದ್ದೆ. ಎರಡು ವಾರವಾದ ಮೇಲೆ ಅವನ ಹೆಸರಿನ ಮುಂದೆ 'ಸ್ಪಂದಿಸುವುದಿಲ್ಲ' ಎಂದು ಬರೆದೆ.

ಆ ಶಾಲೆಯಲ್ಲಿ ಒಬ್ಬರು ಅಬೊರಿಜಿನಲ್ ಶಿಕ್ಷಣಾಧಿಕಾರಿ ಇದ್ದರು. ಅಧಿಕಾರಿ ಎಂದರೆ ಇಲ್ಲಿ ದೊಡ್ಡ ಕುರ್ಚಿಯವರಲ್ಲ. ತರಗತಿಯಲ್ಲಿ ನಮ್ಮ ಜೊತೆ ನೆಲದ ಮೇಲೆ ಕೂರುವವರು, ಸಂಜೆ ಮಕ್ಕಳ ಮನೆಗೆ ಹೋಗಿ ಬರುವವರು. ಊರಿಗೆಲ್ಲ ಅವರು 'ಆಂಟಿ'. ಇದು ನಮ್ಮ ಬೆಂಗಳೂರಿನ ಆಂಟಿ ಅಲ್ಲ, ಹಿರಿಯರಿಗೆ ಸಲ್ಲುವ ಗೌರವದ ಹೆಸರು. ನಾನು ಬರೆದದ್ದನ್ನು ಅವರು ಓದಿ ಇಷ್ಟೇ ಹೇಳಿದರು: 'ನೀನು ಕೇಳಿದೆ, ನೀನೇ ಮಾತಾಡಿದೆ. ಅವನು ಎಲ್ಲಿ ಮಾತಾಡಬೇಕಿತ್ತು?'

ಮರುದಿನ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಎಣಿಸಿದೆ. ಎಂಟು ಬಂತು, ಒಂಬತ್ತು ಬಂತು. ಕೈ ಬೆವರುತ್ತಿತ್ತು. ಹನ್ನೊಂದಕ್ಕೆ ಅವನು ಉತ್ತರ ಹೇಳಿದ. ಸರಿಯಾದ ಉತ್ತರ. ಮೇಜು ನೋಡುತ್ತಲೇ ಹೇಳಿದ.

ಇದನ್ನು ಅರ್ಥಮಾಡಿಕೊಳ್ಳಲು ನನಗೆ ಪುಸ್ತಕ ಬೇಕಾಗಿರಲಿಲ್ಲ, ನನ್ನ ಅಜ್ಜಿ ಸಾಕಿತ್ತು. ದೊಡ್ಡವರು ಮಾತಾಡುವಾಗ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲಬಾರದು ಎಂದು ಬೆಳೆಸಿದ ಮನೆ ನಮ್ಮದು. ಅದನ್ನೇ ಇಲ್ಲಿನ ಮಗು ಮಾಡಿದಾಗ, ನಾಲ್ಕು ವರ್ಷದ ಆಸ್ಟ್ರೇಲಿಯಾದ ತರಬೇತಿ ತಲೆಗೇರಿದ್ದ ನನಗೆ ಅದು ಅಸಡ್ಡೆಯಾಗಿ ಕಂಡಿತ್ತು. ಭಾಷಾವಿಜ್ಞಾನಿ ಡಯಾನಾ ಈಡ್ಸ್ ಈ ವಿಷಯದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಾರೆ. ಎಷ್ಟೋ ಅಬೊರಿಜಿನಲ್ ಸಮುದಾಯಗಳಲ್ಲಿ ಮಾತಿನ ನಡುವೆ ಬರುವ ಮೌನವನ್ನು ಯಾರೂ ಮುಜುಗರ ಎಂದುಕೊಳ್ಳುವುದಿಲ್ಲ. ಅದು ಯೋಚಿಸುವ ಹೊತ್ತು. ಅವರು ತೋರಿಸಿಕೊಟ್ಟ ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ಅಧಿಕಾರದಲ್ಲಿರುವವರು ಮೇಲಿಂದ ಮೇಲೆ ಪ್ರಶ್ನೆ ಕೇಳಿದರೆ ಒಪ್ಪಿಗೆಯಿಲ್ಲದಿದ್ದರೂ, ಅರ್ಥವಾಗದಿದ್ದರೂ 'ಹೌದು' ಎಂದುಬಿಡುವುದು. ನಮ್ಮಲ್ಲಿ ಇದಕ್ಕೆ ಒಂದೇ ಪದ ಸಾಕು, ಹೂಂಗುಟ್ಟುವುದು. 'ಅರ್ಥವಾಯ್ತಾ?' ಎಂದು ಕೇಳಿ ಹದಿನೈದು ತಲೆ ಆಡಿದ್ದನ್ನು ನೋಡಿ ಮುಂದಿನ ಪಾಠಕ್ಕೆ ಹೋಗುವವರು ದಯವಿಟ್ಟು ಇದನ್ನು ನೆನಪಿಡಿ.

ಆಮೇಲೆ 'ಶೇಮ್'. ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ. ನಾಚಿಕೆ ಎಂದರೆ ಅರ್ಧ ಮಾತ್ರ ಹೇಳಿದಂತೆ. ಎಲ್ಲರ ನಡುವಿನಿಂದ ಒಬ್ಬರನ್ನೇ ಎತ್ತಿ ಬೆಳಕಿಗೆ ಹಿಡಿದಾಗ ಆಗುವ ಸಂಕಟ ಅದು, ಬೈದರೂ ಆಗುತ್ತದೆ, ಹೊಗಳಿದರೂ ಆಗುತ್ತದೆ. ಚೆನ್ನಾಗಿ ಓದಿದ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಅಂದಿನಿಂದ ಹೊಗಳಿಕೆಯನ್ನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತೇನೆ. ಪ್ರಶ್ನೆಯನ್ನೂ ಒಬ್ಬರಿಗೆ ಕೇಳುವುದಿಲ್ಲ, ಇಬ್ಬಿಬ್ಬರಿಗೆ ಕೊಟ್ಟು ಅವರಲ್ಲೇ ಮಾತಾಡಿಕೊಳ್ಳಲು ಬಿಡುತ್ತೇನೆ.

ಇನ್ನು ಶಾಲೆಯ ಗೇಟು. ನನ್ನ ತರಗತಿಯ ಹುಡುಗಿಯೊಬ್ಬಳನ್ನು ಬಿಡಲು ಅವಳ ಅಜ್ಜಿ ದಿನಾ ಬರುತ್ತಿದ್ದರು. ಗೇಟಿನಿಂದ ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಪೋಷಕರ ಸಭೆಗೆ ಕರೆದರೂ ಇಲ್ಲ. 'ಆಸಕ್ತಿಯಿಲ್ಲ' ಎಂದು ಶರಾ ಬರೆಯುವುದು ಸುಲಭ. ಆದರೆ ಈ ರಾಜ್ಯದಲ್ಲಿ ಬಿಳಿಯ ಪೋಷಕರು ಆಕ್ಷೇಪಿಸಿದರೆ ಅಬೊರಿಜಿನಲ್ ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗೆ ಕಳಿಸಬಹುದಾಗಿತ್ತು. ಆ ಅವಕಾಶ ಶಿಕ್ಷಕರ ಕೈಪಿಡಿಯಿಂದ ಹೋದದ್ದು 1972ರಲ್ಲಿ. ನನ್ನ ಅಣ್ಣ ಹುಟ್ಟಿದ ವರ್ಷ! ಸುಮಾರು 1910ರಿಂದ 1970ರವರೆಗೆ ಇಡೀ ದೇಶದಲ್ಲಿ ಅಬೊರಿಜಿನಲ್ ಮಕ್ಕಳನ್ನು ಸರ್ಕಾರ ಮತ್ತು ಮಿಷನ್‌ಗಳು ಮನೆಗಳಿಂದ ಎತ್ತಿಕೊಂಡು ಹೋದವು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದು ಮಗುವಿನವರೆಗೆ ಹೀಗೆ ಹೋಗಿರಬಹುದು ಎಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಅಂದಾಜು ಮಾಡಿತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ಕೆಂಪ್ಸಿ ಊರಿನ ಹತ್ತಿರ ಕಿಂಚೆಲಾ ಎಂಬ ಬಾಲಕರ ನಿಲಯವಿತ್ತು. ಅಲ್ಲಿ ಹುಡುಗರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ನಂಬರಿನಿಂದ ಕರೆಯುತ್ತಿದ್ದರು. ಅಲ್ಲಿ ಬೆಳೆದವರು ಇವತ್ತು ಅಜ್ಜಂದಿರು. ಅವರ ಮೊಮ್ಮಕ್ಕಳ ಹೆಸರನ್ನು ನಾವು ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಕೂಗುತ್ತೇವೆ. ಆ ಹೆಸರನ್ನು ಸರಿಯಾಗಿ ಉಚ್ಚರಿಸುವುದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಆ ಅಜ್ಜಿಯನ್ನು ನಾನು ಗೇಟಿನ ಹೊರಗೇ ಭೇಟಿಯಾಗತೊಡಗಿದೆ. ಮರದ ಕೆಳಗೆ ಕೂತು ಮೊದಲು ಮಳೆ, ಮೀನು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎನ್ನುವ ಮಾತು. ಇದಕ್ಕೆ ಅವರು 'ಯಾರ್ನಿಂಗ್' ಎನ್ನುತ್ತಾರೆ. ನಮ್ಮ ಜಗಲಿ ಕಟ್ಟೆಯ ಮಾತು ಇದ್ದ ಹಾಗೆ. ಮಗುವಿನ ಓದಿನ ವಿಷಯ ಮೂರನೆಯ ವಾರ ಬಂತು, ಅದೂ ಅವರಾಗಿಯೇ ಎತ್ತಿದರು.

ಈಗ ಭಾಷೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಇಲ್ಲಿ ಕನ್ನಡಿಗರಾದ ನಮ್ಮ ಕೈಯಲ್ಲಿ ಏನೋ ಇದೆ.

1788ರಲ್ಲಿ ಬ್ರಿಟಿಷರು ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಈಗ ಎಲ್ಲ ವಯಸ್ಸಿನವರೂ ಮಾತಾಡುವ, ಮಕ್ಕಳು ತೊಟ್ಟಿಲಿನಿಂದಲೇ ಕಲಿಯುವ ಗಟ್ಟಿ ಭಾಷೆಗಳು ಹನ್ನೆರಡರ ಆಸುಪಾಸು. ಉಳಿದ ಕಡೆ ಹೆಚ್ಚಿನ ಮಕ್ಕಳ ಮನೆಮಾತು ಅಬೊರಿಜಿನಲ್ ಇಂಗ್ಲಿಷ್, ಉತ್ತರದಲ್ಲಿ ಇಂಗ್ಲಿಷ್ ಪದಗಳು ಅಲ್ಲಿನ ಭಾಷೆಗಳ ಜೊತೆ ಬೆರೆತು ಹುಟ್ಟಿದ ಕ್ರಿಯೋಲ್. ಅಬೊರಿಜಿನಲ್ ಇಂಗ್ಲಿಷನ್ನು 'ಕೆಟ್ಟ ಇಂಗ್ಲಿಷ್' ಎಂದು ಕೆಂಪು ಮಸಿಯಲ್ಲಿ ತಿದ್ದುವ ಶಿಕ್ಷಕರು ಇನ್ನೂ ಇದ್ದಾರೆ. ಅದಕ್ಕೆ ಅದರದೇ ವ್ಯಾಕರಣವಿದೆ, ನಿಯಮವಿದೆ. ಕ್ರಿಯಾಪದದ ಮುಂದೆ 'ಬಿನ್' ಬಂದರೆ ಭೂತಕಾಲ. 'ಹೌಸ್' ಎನ್ನುವುದು 'ಔಸ್' ಆಗುತ್ತದೆ. ಮಂಡ್ಯ, ಚಾಮರಾಜನಗರದ ಕಡೆಯವರು ಇಲ್ಲಿದ್ದರೆ ಇದು ಕೂಡಲೇ ತಿಳಿಯುತ್ತದೆ. 'ಹಾಲು' ಎನ್ನಲು 'ಆಲು' ಎಂದ ಮಗುವನ್ನು ಇಡೀ ತರಗತಿ ನಗುವಂತೆ ಮಾಡಿದ ಮೇಷ್ಟರನ್ನು ನಾವೆಲ್ಲ ನೋಡಿದ್ದೇವೆ. ಆ ಮಗು ಹಕಾರ ಕಲಿಯಲಿಲ್ಲ, ಬಾಯಿ ಮುಚ್ಚುವುದನ್ನು ಕಲಿಯಿತು.

ನಾನು ಆ ಮೇಷ್ಟರಿಗಿಂತ ಒಳ್ಳೆಯವಳಾಗಿರಲಿಲ್ಲ. ಹೆಗ್ಗಡದೇವನಕೋಟೆಯಲ್ಲಿದ್ದಾಗ ಹಾಡಿಯಿಂದ ಬರುತ್ತಿದ್ದ ಜೇನುಕುರುಬ ಹುಡುಗಿಯೊಬ್ಬಳು ಒಂದು ವರ್ಷ ಪೂರ್ತಿ ನನ್ನ ಮುಂದೆ ಸುಮ್ಮನೆ ಕೂತಿದ್ದಳು. ಅವಳ ಮನೆಯ ಮಾತು ನನ್ನ ಪಠ್ಯಪುಸ್ತಕದ ಕನ್ನಡವಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. 'ನಿಧಾನ ಕಲಿಕೆ' ಎಂದು ಬರೆದೆ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಹತ್ತು ಸಾವಿರ ಕಿಲೋಮೀಟರ್ ದಾಟಿ ಬಂದು, ಅದೇ ತಪ್ಪನ್ನು ಇನ್ನೊಂದು ಮಗುವಿನ ಹೆಸರಿನ ಮುಂದೆ ಬರೆದಾಗ ಒಬ್ಬ ಆಂಟಿ ನನ್ನನ್ನು ತಡೆದರು. ಆ ಹುಡುಗಿಗೆ ಅಂಥ ಒಬ್ಬ ಆಂಟಿ ಇರಲಿಲ್ಲ.

ನಮ್ಮ ಕೈಯಲ್ಲಿ ಏನೋ ಇದೆ ಎಂದೆನಲ್ಲ, ಅದು ನಮ್ಮ ನಾಲಿಗೆ. ಅಬೊರಿಜಿನಲ್ ಭಾಷೆಗಳಲ್ಲಿ ಬಹುಪಾಲಿಗೆ ಟ, ಣ, ಳ ಇವೆ. ಇಂಗ್ಲಿಷ್ ಮಾತ್ರ ಬಲ್ಲ ಶಿಕ್ಷಕರು ಇವುಗಳಿಗೆ ತಿಣುಕಾಡುತ್ತಾರೆ. ಮಧ್ಯ ಆಸ್ಟ್ರೇಲಿಯಾದ ವಾಲ್ಪಿರಿಯಲ್ಲಿ ಬೂಮರಾಂಗ್‌ಗೆ 'ಕಳಿ' ಎನ್ನುತ್ತಾರೆ, ಶುದ್ಧ ಳಕಾರ. ಹೆಂಗಸಿಗೆ 'ಕಣ್ಟ'. ನೀರಿಗೆ 'ಙಪ'. ಹೌದು, ವರ್ಣಮಾಲೆಯಲ್ಲಿ ಕಲಿತು ಆಮೇಲೆ ನಾವು ಬಳಸದೇ ಇಟ್ಟ ಆ ಙ ಅಕ್ಷರದಿಂದಲೇ ಎಷ್ಟೋ ಪದಗಳು ಆರಂಭವಾಗುತ್ತವೆ. ಕ್ಯಾನ್‌ಬೆರಾ ಕಡೆಯ ಜನರ ಹೆಸರು ಙುನ್ನವಲ್. ಇದನ್ನು ಸರಿಯಾಗಿ ಹೇಳಿದಾಗ ಒಬ್ಬ ಹಿರಿಯರ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಷಪ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ಸರ್ವನಾಮಗಳನ್ನು ಇಲ್ಲಿನ ಭಾಷೆಗಳ ಸರ್ವನಾಮಗಳ ಜೊತೆ ಹೋಲಿಸಿದ್ದ. ಇಂದಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಹಾಗಾಗಿ 'ಇವರು ನಮ್ಮವರೇ' ಎಂದು ವಾಟ್ಸಾಪಿನಲ್ಲಿ ಬರುವುದನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅವರು ಅವರೇ. ನಮಗೆ ಉಚ್ಚಾರಣೆ ಸುಲಭ, ಅಷ್ಟೇ.

ಮನೆಮಾತಿನಲ್ಲೇ ಓದು ಕಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಈ ದೇಶದಲ್ಲೇ ಐವತ್ತು ವರ್ಷದ ಅನುಭವವಿದೆ. 1973ರಲ್ಲಿ ನಾರ್ದರ್ನ್ ಟೆರಿಟರಿಯಲ್ಲಿ ದ್ವಿಭಾಷಾ ಶಿಕ್ಷಣ ಆರಂಭವಾಯಿತು. ಈಶಾನ್ಯ ಆರ್ನ್‌ಹೆಮ್ ಲ್ಯಾಂಡ್‌ನ ಯಿರ್ಕಲಾ ಇದರಲ್ಲಿ ದೊಡ್ಡ ಹೆಸರು. ಗಣಿಗಾರಿಕೆಯ ವಿರುದ್ಧ 1963ರಲ್ಲಿ ಮರದ ತೊಗಟೆಯ ಮೇಲೆ ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಮನವಿ ಬರೆದು ಸಂಸತ್ತಿಗೆ ಕಳಿಸಿದ ಯೊಲ್ಙು ಜನರ ಊರು ಅದು. ಅಲ್ಲಿನ ಶಾಲೆಗೆ 1990ರಲ್ಲಿ ಪ್ರಾಂಶುಪಾಲರಾದ ಡಾ. ಎಂ. ಯುನುಪಿಂಗು ಟೆರಿಟರಿಯ ಮೊದಲ ಅಬೊರಿಜಿನಲ್ ಪ್ರಾಂಶುಪಾಲರು. ಯೊತು ಯಿಂಡಿ ಎಂಬ ಸಂಗೀತ ತಂಡದಿಂದ ಹೊರಜಗತ್ತಿಗೆ ಪರಿಚಿತರಾದವರೂ ಅವರೇ. ಅವರು 'ಗನ್ಮಾ' ಎಂಬ ಮಾತಿನಿಂದ ಶಿಕ್ಷಣವನ್ನು ವಿವರಿಸುತ್ತಿದ್ದರು. ನಮ್ಮ ಕರಾವಳಿಯವರಿಗೆ ಅರ್ಥ ಹೇಳಬೇಕಿಲ್ಲ, ಅದು ಅಳಿವೆ. ಒಳನಾಡಿನ ಸಿಹಿನೀರು, ಕಡಲಿನ ಉಪ್ಪುನೀರು ಕೂಡಿ ನೊರೆಯೇಳುವ ಜಾಗ. ಯೊಲ್ಙು ಅರಿವು, ಹೊರಗಿನವರ ಅರಿವು ಹಾಗೆ ಕೂಡಬೇಕು, ಒಂದು ಇನ್ನೊಂದನ್ನು ಮುಳುಗಿಸಬಾರದು ಎಂಬ ವಿಚಾರ. ಗಣಿತವನ್ನೂ ಹಾಗೇ ಕಲಿಸಿದರು. ಯಾರು ಯಾರಿಗೆ ಏನಾಗಬೇಕು ಎನ್ನುವ ನಂಟಿನ ಜಾಲ, ಯಾವ ನೆಲ ಯಾರದು ಎನ್ನುವ ಲೆಕ್ಕ, ಇವು ಒಂದು ಕಡೆಯಿಂದ. ಅಂಕಿಸಂಖ್ಯೆ, ಅಳತೆ ಇನ್ನೊಂದು ಕಡೆಯಿಂದ.

ಸರ್ಕಾರಗಳು ಇದನ್ನು ನೆಮ್ಮದಿಯಾಗಿ ನಡೆಯಲು ಬಿಡಲಿಲ್ಲ. 1998ರಲ್ಲಿ ನಿಲ್ಲಿಸುವ ಪ್ರಯತ್ನವಾಯಿತು. 2008ರ ಅಕ್ಟೋಬರ್‌ನಲ್ಲಿ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲೇ ಪಾಠ ಎಂಬ ಆದೇಶ ಬಂತು. ಬೆಳಿಗ್ಗೆ ಮಕ್ಕಳ ತಲೆ ಚುರುಕಾಗಿರುವ ಹೊತ್ತು ಇಂಗ್ಲಿಷಿಗೆ, ಸುಸ್ತಾದ ಮಧ್ಯಾಹ್ನ ಮನೆಮಾತಿಗೆ. ಆರು ವರ್ಷದ ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅಕ್ಷರ ಕಲಿಸುವುದೆಂದರೆ ಎರಡು ಕೆಲಸವನ್ನು ಒಂದೇ ಸಲ ಹೇರುವುದು. ಆ ಆದೇಶ ತಪ್ಪಾಗಿತ್ತು, ಇದರಲ್ಲಿ ನನಗೆ ಅನುಮಾನವಿಲ್ಲ. ಯಿರ್ಕಲಾ ಮಣಿಯಲಿಲ್ಲ. 2020ರಲ್ಲಿ ಅಲ್ಲಿನ ಎಂಟು ವಿದ್ಯಾರ್ಥಿಗಳು ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾದ ಅಂಕಗಳೊಡನೆ ಹನ್ನೆರಡನೆಯ ತರಗತಿ ಮುಗಿಸಿದರು, ಆ ಊರಿನಲ್ಲಿ ಅದು ಮೊದಲ ಸಲ. ಯುಎಂಡುಮು, ಲಜಮಾನು, ನಿರ್ಪಿ, ವಿಲೋರಾ ಎಂಬ ನಾಲ್ಕು ವಾಲ್ಪಿರಿ ಹಳ್ಳಿಗಳ ಜನ 2005ರಲ್ಲಿ ಚಿನ್ನದ ಗಣಿಯಿಂದ ಬರುವ ತಮ್ಮ ರಾಯಧನವನ್ನೇ ಶಿಕ್ಷಣದ ಟ್ರಸ್ಟಿಗೆ ಹಾಕಿದರು. 'ಈ ಜನಕ್ಕೆ ಓದಿನ ಬೆಲೆ ಗೊತ್ತಿಲ್ಲ' ಎನ್ನುವವರು ಇದನ್ನು ಕೇಳಿಸಿಕೊಳ್ಳಬೇಕು.

ಕಿವಿಯ ವಿಷಯಕ್ಕೆ ಬರುತ್ತೇನೆ. ತರಬೇತಿಯಲ್ಲಿ ಇದರ ಬಗ್ಗೆ ನನಗೆ ಅರ್ಧ ಗಂಟೆಯೂ ಹೇಳಿರಲಿಲ್ಲ. ಮಧ್ಯಕಿವಿಯ ಸೋಂಕು, ಓಟೈಟಿಸ್ ಮೀಡಿಯಾ. ಒಂದು ಸಮುದಾಯದ ಮಕ್ಕಳಲ್ಲಿ ಶೇ. 4ಕ್ಕಿಂತ ಹೆಚ್ಚು ಮಂದಿಗೆ ದೀರ್ಘಕಾಲದ ಸೋರುಕಿವಿ ಇದ್ದರೆ ಅದನ್ನು ಬೃಹತ್ ಆರೋಗ್ಯ ಸಮಸ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ದೂರದ ಅಬೊರಿಜಿನಲ್ ಹಳ್ಳಿಗಳಲ್ಲಿ ಅದರ ಎಷ್ಟೋ ಪಟ್ಟು ದಾಖಲಾಗಿದೆ. ಇಕ್ಕಟ್ಟಾದ ಮನೆಗಳು, ಹುಟ್ಟಿದ ವಾರಗಳಲ್ಲೇ ತಗುಲುವ ಸೋಂಕು, ದೂರದ ಆಸ್ಪತ್ರೆ, ಇವೆಲ್ಲ ಸೇರಿ ಹೀಗಾಗುತ್ತದೆ. ಕಿವಿಯಲ್ಲಿ ದ್ರವ ತುಂಬಿದ ಮಗುವಿಗೆ ನಾವು ಆಡುವ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಸ, ಫ, ಥದಂಥ ಮೆಲುದನಿಗಳು ಕೇಳಿಸುವುದೇ ಇಲ್ಲ. ಅವುಗಳ ಮೇಲೆ ನಿಂತ ಫೋನಿಕ್ಸ್ ಪಾಠವನ್ನು, ಅಂದರೆ ಅಕ್ಷರಕ್ಕೂ ದನಿಗೂ ಇರುವ ನಂಟಿನ ಪಾಠವನ್ನು, ನಾವು ಬೋರ್ಡಿನತ್ತ ಮುಖಮಾಡಿ, ಮಗುವಿಗೆ ಬೆನ್ನು ತೋರಿಸಿ ಹೇಳುತ್ತೇವೆ. ಈ ಕಿವುಡು ಬಂದು ಬಂದು ಹೋಗುವಂಥದ್ದು, ಅದೇ ತೊಡಕು. ಸೋಮವಾರ ಕೇಳಿಸಿಕೊಂಡ ಮಗು ಗುರುವಾರ ಕೇಳಿಸಿಕೊಳ್ಳುವುದಿಲ್ಲ. ಆಗ 'ಬೇಕೆಂದೇ ಹೀಗೆ ಮಾಡುತ್ತಾನೆ' ಎಂಬ ಮಾತು ಬಂದೇಬರುತ್ತದೆ.

ಆ ಎಂಟು ವರ್ಷದ ಹುಡುಗ ನಾನು ಕಾದದ್ದಕ್ಕೆ ಮಾತಾಡಿದ, ನಿಜ. ಆದರೆ ಆ ವರ್ಷ ಶಾಲೆಗೆ ಬಂದ ನರ್ಸ್ ಪರೀಕ್ಷೆ ಮಾಡಿದಾಗ ಅವನ ಎಡಗಿವಿಯ ತಮಟೆಯಲ್ಲಿ ತೂತು ಇತ್ತು. ನಾನು ಅವನನ್ನು ಕೂರಿಸಿದ್ದು ಆ ಎಡಗಿವಿ ನನ್ನ ಕಡೆಗೆ ಬರುವಂತೆ. ಜಾಗ ಬದಲಿಸಿದೆ, ಅಷ್ಟಕ್ಕೇ ಎಷ್ಟೋ ಬದಲಾಯಿತು. ಇಡೀ ಕೋಣೆಗೆ ಒಂದೇ ಮಟ್ಟದಲ್ಲಿ ದನಿ ಹರಡುವ ಸಣ್ಣ ಧ್ವನಿವರ್ಧಕ ವ್ಯವಸ್ಥೆಗಳಿವೆ, ಕೊರಳಿಗೆ ಮೈಕು ಹಾಕಿಕೊಂಡರೆ ಸಾಕು. ನಿಮ್ಮ ಶಾಲೆಯಲ್ಲಿಲ್ಲದಿದ್ದರೆ ಕೇಳಿ ತರಿಸಿ. ಎಲ್ಲ ಮಕ್ಕಳಿಗೂ ಅನುಕೂಲ, ನಿಮ್ಮ ಗಂಟಲಿಗೂ.

ನಂಟಿನ ವಿಷಯ ನಿಮಗೆ ಬೇಗ ಅರ್ಥವಾಗುತ್ತದೆ. ಮಗುವೊಂದು 'ನನಗೆ ಮೂವರು ಅಮ್ಮ' ಎಂದು ಬರೆದರೆ ಬಿಳಿಯ ಸಹೋದ್ಯೋಗಿ ಗಾಬರಿಯಾಗುತ್ತಾರೆ, ಮನೆ ಒಡೆದಿದೆ ಎಂದುಕೊಳ್ಳುತ್ತಾರೆ. ನಮಗೇನು ಗಾಬರಿ? ಅಮ್ಮನ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ, ಅವರ ಮಕ್ಕಳು ಅಣ್ಣತಮ್ಮಂದಿರು. ಸೋದರಮಾವನ ಮಕ್ಕಳ ಲೆಕ್ಕ ಬೇರೆ. ಇಲ್ಲಿಯ ಎಷ್ಟೋ ಸಮುದಾಯಗಳಲ್ಲಿ ಇದೇ ಬಗೆಯ ಲೆಕ್ಕ. ಪೋಷಕರ ಸಹಿ ಬೇಕಾದಾಗ ಚಿಕ್ಕಮ್ಮನ ಸಹಿಯೊಡನೆ ಬಂದ ಚೀಟಿಯನ್ನು ಹಿಂದಕ್ಕೆ ಕಳಿಸುವ ಮುನ್ನ ಆಂಟಿಯನ್ನು ಒಂದು ಮಾತು ಕೇಳಿ. ಸಾವಾದರೆ ವಾರಗಟ್ಟಲೆ ಮಗು ಶಾಲೆಗೆ ಬರದಿರಬಹುದು. ಅದು 'ಸಾರಿ ಬಿಸಿನೆಸ್', ಸೂತಕದ ಕಾಲ. ನೂರಾರು ಮೈಲಿ ದೂರದ ನಂಟರ ಅಂತ್ಯಕ್ರಿಯೆಗೂ ಇಡೀ ಮನೆ ಹೋಗುತ್ತದೆ. ಅದನ್ನು ಗೈರುಹಾಜರಿ ಎಂದು ಬರೆಯುವುದು ಲೆಕ್ಕಕ್ಕೆ ಸರಿಯಿರಬಹುದು. ಆದರೆ ಮರಳಿದ ಮಗುವಿಗೆ ಮೊದಲು ಕೇಳುವ ಪ್ರಶ್ನೆ 'ಹೋಮ್‌ವರ್ಕ್ ಎಲ್ಲಿ' ಎಂದಾಗಬಾರದು.

ಈ ಮಕ್ಕಳು ತರುವ ಬಲಗಳ ಬಗ್ಗೆ ಒಂದು ಪ್ರಯೋಗ ಹೇಳುತ್ತೇನೆ. ಜೂಡಿತ್ ಕೀರಿನ್ಸ್ ಎಂಬ ಸಂಶೋಧಕಿ 1981ರಲ್ಲಿ ಪ್ರಕಟಿಸಿದ್ದು. ಹಲಗೆಯ ಮೇಲೆ ಇಪ್ಪತ್ತರವರೆಗೆ ವಸ್ತುಗಳನ್ನು ಜೋಡಿಸಿ, ಅರ್ಧ ನಿಮಿಷ ತೋರಿಸಿ, ಕಲೆಸಿ, ಮತ್ತೆ ಇದ್ದ ಹಾಗೇ ಇಡಲು ಹೇಳಿದರು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಅಬೊರಿಜಿನಲ್ ಮಕ್ಕಳು ಬಿಳಿಯ ಮಕ್ಕಳನ್ನು ಸ್ಪಷ್ಟವಾಗಿ ಮೀರಿಸಿದರು. ಬಿಳಿಯ ಮಕ್ಕಳು ವಸ್ತುಗಳ ಹೆಸರನ್ನು ಗೊಣಗಿಕೊಳ್ಳುತ್ತಿದ್ದರು, ಮರುಭೂಮಿಯ ಮಕ್ಕಳು ಅಲುಗಾಡದೆ ನೋಡುತ್ತಿದ್ದರು. ಕೇಪ್ ಯಾರ್ಕ್‌ನ ಹೋ‌ಪ್‌ವೇಲ್‌ನಲ್ಲಿ ಗೂಗು ಯಿಮಿದಿರ್ ಎಂಬ ಭಾಷೆಯಿದೆ. 'ಕಾಂಗರೂ' ಪದ 1770ರಲ್ಲಿ ಇಂಗ್ಲಿಷಿಗೆ ಹೋದದ್ದು ಅದರಿಂದಲೇ. ಅದರಲ್ಲಿ ಜಾಗ ಹೇಳುವಾಗ ಎಡ, ಬಲ ಎನ್ನುವುದಿಲ್ಲ, ಮೂಡಣ, ಪಡುವಣ ಎನ್ನುತ್ತಾರೆ. ಹಳ್ಳಿಯಲ್ಲಿ 'ಸ್ವಲ್ಪ ತೆಂಕಲಾಗಿ ಸರಿ' ಎನ್ನುತ್ತಿದ್ದ ನಮ್ಮ ತಾತಂದಿರ ಹಾಗೆ. ಹೊರಗೆ ಕರೆದುಕೊಂಡು ಹೋಗಿ ನೆಲದ ಮೇಲೆ ನಕ್ಷೆ ಬರೆಸಿ ನೋಡಿ, ನಿಮ್ಮ ತರಗತಿಯ 'ಹಿಂದುಳಿದವರ' ಪಟ್ಟಿ ತಲೆಕೆಳಗಾಗುವುದನ್ನು ಕಾಣುತ್ತೀರಿ.

ಆದರೆ ಎಚ್ಚರಿಕೆ. 'ಅಬೊರಿಜಿನಲ್ ಮಕ್ಕಳು ನೋಡಿ ಕಲಿಯುತ್ತಾರೆ, ಮಾತಿನಿಂದ ಕಲಿಯುವುದಿಲ್ಲ' ಎಂಬ ಸಿದ್ಧಾಂತ ಒಂದು ಕಾಲದಲ್ಲಿ ತುಂಬಾ ಓಡಾಡಿತು. ಅದನ್ನು ನಂಬಿ ಈ ಮಕ್ಕಳಿಗೆ ಬಣ್ಣ ಹಚ್ಚುವ ಹಾಳೆ ಕೊಟ್ಟು, ಬೇರೆಯವರಿಗೆ ಪುಸ್ತಕ ಕೊಟ್ಟ ತರಗತಿಗಳನ್ನು ನೋಡಿ ನನಗೆ ಸಿಟ್ಟು ಬಂದಿದೆ. 2021ರ ಜನಗಣತಿಯಲ್ಲಿ ತಾವು ಅಬೊರಿಜಿನಲ್ ಅಥವಾ ಟಾರಸ್ ಸ್ಟ್ರೈಟ್ ದ್ವೀಪದವರು ಎಂದು ಹೇಳಿಕೊಂಡವರು 8,12,728 ಮಂದಿ. ಇವರಲ್ಲಿ ಹೆಚ್ಚಿನವರು ನಗರ, ಪಟ್ಟಣಗಳಲ್ಲಿದ್ದಾರೆ. ಬ್ಲ್ಯಾಕ್‌ಟೌನ್‌ನ ಮಗು, ಮರುಭೂಮಿಯ ಮಗು ಒಂದೇ ಎಂದುಕೊಳ್ಳಬೇಡಿ.

ಹಾಗಾದರೆ ಹೇಗೆ ಕಲಿಸಬೇಕು? ಇಲ್ಲಿ ದೊಡ್ಡ ಜಗಳವಿದೆ. ಕ್ವೀನ್ಸ್‌ಲ್ಯಾಂಡಿನ ಷೆರ್ಬರ್ಗ್ ಶಾಲೆಗೆ 1998ರಲ್ಲಿ ಕ್ರಿಸ್ ಸಾರಾ ಪ್ರಾಂಶುಪಾಲರಾಗಿ ಬಂದರು, ಅಲ್ಲಿಗೆ ಮೊದಲ ಅಬೊರಿಜಿನಲ್ ಪ್ರಾಂಶುಪಾಲರು. 'ಗಟ್ಟಿಗರು, ಜಾಣರು' ಎನ್ನುವುದು ಅವರ ಶಾಲೆಯ ಮಂತ್ರ. ಮಕ್ಕಳಿಂದ ಕಡಿಮೆ ನಿರೀಕ್ಷಿಸುವ ಶಿಕ್ಷಕರಿಗೆ ಇಲ್ಲಿ ಜಾಗವಿಲ್ಲ ಎಂದು ನೇರವಾಗಿ ಹೇಳಿದರು. ಹಾಜರಾತಿ ಎದ್ದು ಕಾಣುವಂತೆ ಸುಧಾರಿಸಿತು. ಇನ್ನೊಂದು ಕಡೆ, ಹೋಪ್‌ವೇಲ್‌ನವರೇ ಆದ ನೋಯೆಲ್ ಪಿಯರ್ಸನ್ 2010ರಿಂದ ಕೇಪ್ ಯಾರ್ಕ್‌ನ ಶಾಲೆಗಳಿಗೆ ಅಮೆರಿಕದ 'ಡೈರೆಕ್ಟ್ ಇನ್‌ಸ್ಟ್ರಕ್ಷನ್' ತಂದರು. ಶಿಕ್ಷಕರು ಆಡುವ ವಾಕ್ಯವೂ ಬರೆದಿಟ್ಟಿದ್ದು, ಹಂತ ಹಂತದ ಪಾಠ. ಕೋಯೆನ್ ಊರಿನಲ್ಲಿ ಅದು ನೆಲೆಯೂರಿತು. ಔರುಕುನ್‌ನಲ್ಲಿ 2016ರ ಗಲಭೆಯ ನಂತರ ಕೈಬಿಟ್ಟರು. ನನ್ನ ಅಭಿಪ್ರಾಯ ಕೇಳಿದರೆ, ಅಕ್ಷರ ಮತ್ತು ದನಿಯ ನಂಟನ್ನು ಬಿಡಿಸಿ, ಕ್ರಮವಾಗಿ, ದಿನವೂ ಕಲಿಸಲೇಬೇಕು. ಮಗು ತಾನಾಗಿ ಕಂಡುಕೊಳ್ಳಲಿ ಎಂದು ಬಿಟ್ಟರೆ ಮನೆಯಲ್ಲಿ ಪುಸ್ತಕವಿರುವ ಮಗು ಮಾತ್ರ ಕಂಡುಕೊಳ್ಳುತ್ತದೆ. 2023ರಿಂದ ನ್ಯಾಪ್ಲಾನ್ ಎಂಬ ರಾಷ್ಟ್ರೀಯ ಓದು, ಬರಹ, ಲೆಕ್ಕದ ಪರೀಕ್ಷೆಯ ಫಲಿತಾಂಶವನ್ನು ನಾಲ್ಕು ಹಂತಗಳಲ್ಲಿ ಕೊಡುತ್ತಾರಲ್ಲ, ಅದರ ಕಟ್ಟಕಡೆಯ ಹಂತದಲ್ಲಿ ಒಟ್ಟು ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿದ್ದರೆ, ಮೂಲನಿವಾಸಿ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿದ್ದಾರೆ. ಇದನ್ನು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚಿಡುವುದು ಆ ಮಕ್ಕಳಿಗೆ ಮಾಡುವ ದ್ರೋಹ. ಆದರೆ ಓದುವುದಕ್ಕೆ ಕೊಡುವ ವಾಕ್ಯ ಅಮೆರಿಕದ್ದೇ ಆಗಬೇಕಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನ ಟ್ರೇಗರ್ ಪಾರ್ಕ್ ಶಾಲೆಯಲ್ಲಿ 1980ರ ದಶಕದಲ್ಲಿ ಬ್ರಯನ್ ಗ್ರೇ ಮಾಡಿದ್ದು ನನಗೆ ಇವತ್ತಿಗೂ ಮಾದರಿ. ಮೊದಲು ಮಕ್ಕಳ ಜೊತೆ ಸೇರಿ ಏನಾದರೂ ಮಾಡುವುದು, ಅದರ ಬಗ್ಗೆ ಮತ್ತೆ ಮತ್ತೆ ಮಾತಾಡುವುದು, ಮಾತು ಹದಕ್ಕೆ ಬಂದ ಮೇಲೆ ಅದನ್ನೇ ಬರೆದು ಓದುವುದು. ನಮ್ಮ ತರಗತಿ ನದಿಗೆ ಹೋಗಿ ಒಬ್ಬ ಅಂಕಲ್ ಜೊತೆ ಯಾಬಿ ಹಿಡಿಯಿತು. ಯಾಬಿ ಎಂದರೆ ಸಿಗಡಿಯಂಥ ಸಿಹಿನೀರಿನ ಜೀವಿ. ಮೂರು ವಾರ ಅದೇ ಮಾತು, ಅದೇ ಪುಸ್ತಕ. ಫೋನಿಕ್ಸ್ ಪಾಠ ಪ್ರತಿದಿನ ಇಪ್ಪತ್ತು ನಿಮಿಷ, ಅದನ್ನು ಒಂದು ದಿನವೂ ಬಿಡಲಿಲ್ಲ.

ಸಭೆಯ ಪ್ರಶ್ನೆಗಳು

ಒಬ್ಬರು ಕೇಳಿದರು: ಅಬೊರಿಜಿನಲ್ ಮಕ್ಕಳು ಜಾಸ್ತಿ ಇರುವ ಶಾಲೆಗೆ ನಮ್ಮ ಮಕ್ಕಳನ್ನು ಹಾಕಬಾರದು ಎಂದು ನಮ್ಮವರೇ ಹೇಳುತ್ತಾರಲ್ಲ?

ಹೇಳುತ್ತಾರೆ, ನನ್ನ ಮನೆಯ ಊಟದ ಮೇಜಿನಲ್ಲೇ ಕೇಳಿದ್ದೇನೆ. ನೋವಾಗುತ್ತದೆ. ಊರಿನಲ್ಲಿ ಕೇರಿಯ ಮಕ್ಕಳು ಇರುವ ಶಾಲೆಯಿಂದ ತಮ್ಮ ಮಕ್ಕಳನ್ನು ಬಿಡಿಸಿದವರ ಮಾತು, ವೀಸಾ ಪಡೆದು ಇಲ್ಲಿಗೂ ಬಂದಿದೆ. ಯೂನಿವರ್ಸಿಟಿ ಪದವಿ ಹಿಡಿದು ಬಂದ ನಮಗೆ, ಇಲ್ಲಿ ಮೊದಲ ದಿನದಿಂದಲೇ ಶಾಲೆಯ ಬಾಗಿಲು ತೆರೆದಿತ್ತು. 1972ರವರೆಗೆ ಅದು ಯಾರಿಗೆ ಮುಚ್ಚಿತ್ತು ಎನ್ನುವುದನ್ನು ನಮ್ಮ ಮಕ್ಕಳಿಗೆ ನಾವೇ ಹೇಳಬೇಕು. ಅಂದ ಹಾಗೆ, ನನ್ನ ಮಗ ಅಂಥ ಶಾಲೆಯಲ್ಲೇ ಓದಿದ, ಗಮಿಲರಾಯ್ ಭಾಷೆಯಲ್ಲಿ ನಮಸ್ಕಾರ ಹೇಳುತ್ತಾನೆ. 'ಯಾಮಾ' ಎನ್ನಬೇಕಂತೆ.

ಇನ್ನೊಬ್ಬರು, ಚಿಕ್ಕ ವಯಸ್ಸಿನ ಶಿಕ್ಷಕಿ: ಮುಂದಿನ ತಿಂಗಳು ನಾರ್ದರ್ನ್ ಟೆರಿಟರಿಯ ಕ್ಯಾಥರೀನ್ ಊರಿನ ಹತ್ತಿರದ ಒಂದು ಹಳ್ಳಿ ಶಾಲೆಗೆ ಹೋಗುತ್ತಿದ್ದೇನೆ. ಏನು ಸಿದ್ಧತೆ ಮಾಡಿಕೊಳ್ಳಲಿ?

ಶಿಕ್ಷಕರ ರಾಷ್ಟ್ರೀಯ ಮಾನದಂಡದಲ್ಲಿ ಅಬೊರಿಜಿನಲ್ ಮಕ್ಕಳಿಗೆ ಕಲಿಸುವ, ಅವರ ಸಂಸ್ಕೃತಿಯನ್ನು ಅರಿಯುವ ಬಗೆಗಿನ 1.4 ಮತ್ತು 2.4ನೆಯ ಅಂಶಗಳು ನಿಮಗೆ ಬಾಯಿಪಾಠ ಬರುತ್ತಿರಬಹುದು, ಅದು ಕಾಗದಕ್ಕೆ. ಒಂದು ವಾರ ಮುಂಚೆ ಹೋಗಿ. ಅಂಗಡಿಯ ಮುಂದೆ, ಕ್ಲಿನಿಕ್ಕಿನ ಮುಂದೆ ಕೂತು ಮಾತಾಡಿ. ಅಲ್ಲಿ ಕ್ರಿಯೋಲ್ ಹೆಚ್ಚು, ನಾಲ್ಕು ಮಾತು ಕಲಿತು ಹೋಗಿ, ತಪ್ಪಾಡಿದರೆ ಮಕ್ಕಳೇ ಖುಷಿಯಿಂದ ತಿದ್ದುತ್ತಾರೆ. ಅಲ್ಲಿನ ಸಹಾಯಕ ಶಿಕ್ಷಕಿ ಯಾರೆಂದು ಮೊದಲೇ ತಿಳಿದುಕೊಳ್ಳಿ. ಇಪ್ಪತ್ತು ವರ್ಷದಿಂದ ಅವರು ಅಲ್ಲೇ ಇರುತ್ತಾರೆ, ನಿಮ್ಮಂಥ ಹತ್ತಿಪ್ಪತ್ತು ಶಿಕ್ಷಕರು ಬಂದು ಹೋಗಿದ್ದನ್ನು ನೋಡಿರುತ್ತಾರೆ. ಮತ್ತೆ ಒಂದು ಮುಖ್ಯ ವಿಷಯ. ಎಷ್ಟೋ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರನ್ನು ಕೆಲವು ಕಾಲ ಬಾಯಲ್ಲಿ ಆಡುವಂತಿಲ್ಲ. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳಿ. ಅದೇ ಹೆಸರಿನ ಮಗು ನಿಮ್ಮ ತರಗತಿಯಲ್ಲಿದ್ದರೆ ಅದಕ್ಕೂ ಆ ಕಾಲಕ್ಕೆ ಬೇರೆ ಹೆಸರು. ಮಧ್ಯ ಆಸ್ಟ್ರೇಲಿಯಾದಲ್ಲಿ 'ಕುಮಾಂಜಯಿ' ಎಂದು ಕರೆಯುತ್ತಾರೆ. ಕಚೇರಿಯವರು ಕೊಡುವ ಹಾಜರಿ ಪುಸ್ತಕದಲ್ಲಿ ಮಾತ್ರ ಹಳೆಯ ಹೆಸರೇ ಇರುತ್ತದೆ. ಹಾಗಾಗಿ ಮೊದಲ ದಿನ ಪುಸ್ತಕ ತೆರೆದು ಹೆಸರು ಕೂಗುವ ಮುಂಚೆ, ಪಟ್ಟಿಯನ್ನು ಆ ಸಹಾಯಕ ಶಿಕ್ಷಕಿಯ ಮುಂದೆ ಇಟ್ಟು, ಯಾವುದನ್ನು ಓದಬಾರದು ಎಂದು ಬೆರಳಿಟ್ಟು ತೋರಿಸಲು ಹೇಳಿ.